ಹಲ್ಲಿನಲ್ಲಿ ಹುಳ ಹುಡುಕಿದ ವೈದ್ಯ ಪಿಯೇರ್ ಫೋಶಾರ್

ಅರ್ಧವಾರ್ಷಿಕ ಪರೀಕ್ಷೆಯ ಹಿಂದಿನ ರಾತ್ರಿ ನನಗೆ ದವಡೆ ಹಲ್ಲಿನ ನೋವು ಶುರುವಾಯಿತು. ನಾನಿ ಒಂದು ಲವಂಗ ಕೊಟ್ಟು ನೋವಿರುವ ಕಡೆ ಕಚ್ಚಿಕೊಳ್ಳಲು ಹೇಳಿದರು. ಹಲ್ಲಿಗೆ ಹುಳ ಬಿದ್ದಿದೆ ಎಂದರು. ಪರೀಕ್ಷೆ ಮುಗಿಸಿ ದಂತವೈದ್ಯರ ಬಳಿ ಹೋದಾಗ ಅವರು ಕನ್ನಡಿಯಲ್ಲಿ ಹಲ್ಲು ತೋರಿಸಿದರು. ಕಪ್ಪು ತೂತು ಇತ್ತು, ಹುಳ ಇರಲಿಲ್ಲ. ಮತ್ತೆ ನಾವೆಲ್ಲ ಹುಳುಕು ಹಲ್ಲು ಎನ್ನುವುದೇಕೆ? ಇದನ್ನು ತಿಳಿಯಲು ಹೊರಟಾಗ ನನಗೆ ಪರಿಚಯವಾದವರು ಆಧುನಿಕ ದಂತವೈದ್ಯಶಾಸ್ತ್ರದ ಪಿತಾಮಹ ಎನಿಸಿಕೊಂಡ ಪಿಯೇರ್ ಫೋಶಾರ್.

ಫೋಶಾರ್ ಅವರು 1678ರ ಸುಮಾರಿಗೆ ಫ್ರಾನ್ಸಿನಲ್ಲಿ ಹುಟ್ಟಿದರು. ನಮಗಿಂತಲೂ ಚಿಕ್ಕವರಾಗಿ, ಹದಿನೈದರ ವಯಸ್ಸಿಗೇ ನೌಕಾಪಡೆ ಸೇರಿ, ಅಲ್ಲಿನ ಶಸ್ತ್ರವೈದ್ಯರೊಬ್ಬರ ಕೈಕೆಳಗೆ ಕೆಲಸ ಕಲಿತರು. ತಿಂಗಳುಗಟ್ಟಲೆ ಹಣ್ಣು, ತರಕಾರಿ ಕಾಣದ ನಾವಿಕರಿಗೆ ಸ್ಕರ್ವಿ ಬರುತ್ತಿತ್ತು. ಒಸಡು ಬಾತು ರಕ್ತ ಸುರಿದು ಹಲ್ಲುಗಳು ಅಲ್ಲಾಡುತ್ತಿದ್ದವು. ಬಾಯಿಯ ರೋಗಗಳನ್ನು ಅವರು ಹತ್ತಿರದಿಂದ ಕಂಡಿದ್ದು ಹಡಗಿನಲ್ಲಿ. ನೌಕಾಪಡೆ ಬಿಟ್ಟ ಮೇಲೆ ಆಂಜೆ ಪಟ್ಟಣದಲ್ಲಿ ಚಿಕಿತ್ಸೆ ನೀಡಿ, 1719ರ ಸುಮಾರಿಗೆ ಪ್ಯಾರಿಸ್‌ನಲ್ಲಿ ನೆಲೆಸಿದರು.

ಆಗ ಹಲ್ಲು ಕೀಳುವುದು ಹೆಚ್ಚಾಗಿ ಕ್ಷೌರಿಕರ ಮತ್ತು ಸಂತೆಯ ಮೋಸಗಾರರ ಕೆಲಸವಾಗಿತ್ತು. ರೋಗಿಯನ್ನು ನೆಲದ ಮೇಲೆ ಕೂರಿಸಿ ತಲೆಯನ್ನು ಮಂಡಿಗಳ ನಡುವೆ ಒತ್ತಿ ಹಿಡಿಯುತ್ತಿದ್ದರು. ಕೆಲವರು ಬಡವನೊಬ್ಬನಿಗೆ ಹಣ ಕೊಟ್ಟು, ಕೋಳಿ ರಕ್ತದ ಜೊತೆ ಒಂದು ಹಲ್ಲನ್ನು ಅವನ ಬಾಯಲ್ಲಿ ಮೊದಲೇ ಅಡಗಿಸಿ, ಜನರ ಮುಂದೆ ನೋವಿಲ್ಲದೆ ಕಿತ್ತಂತೆ ನಟಿಸುತ್ತಿದ್ದರು. ಫೋಶಾರ್ ಈ ಮೋಸವನ್ನು ಬಯಲು ಮಾಡಿದರು. ರೋಗಿಯನ್ನು ಕೈಯಿರುವ ಕುರ್ಚಿಯಲ್ಲಿ ಕೂರಿಸಬೇಕೆಂದರು.

ಹಲ್ಲಿನ ತೂತಿಗೆ ಹುಳವೇ ಕಾರಣ ಎಂದು ಸಾವಿರಾರು ವರ್ಷಗಳಿಂದ ಅನೇಕ ದೇಶಗಳ ಜನ ನಂಬಿದ್ದರು. ನಮ್ಮ ಹುಳುಕು ಎಂಬ ಮಾತಿನಲ್ಲೂ ಹುಳ ಕುಳಿತಿದೆ. ಫೋಶಾರ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹುಳ ಕಾಣಲಿಲ್ಲ. ಕಾಣಲಿಲ್ಲ ಎಂದೇ ಬರೆದರು. ಸಕ್ಕರೆ ಹಲ್ಲಿಗೆ ಹಾನಿ ಎಂದು ಎಚ್ಚರಿಸಿದರು. ಕೊಳೆತ ಭಾಗವನ್ನು ಕೆರೆದು ತವರ, ಸೀಸ ಅಥವಾ ಚಿನ್ನ ತುಂಬುವುದನ್ನು, ಓರೆ ಹಲ್ಲನ್ನು ಲೋಹದ ಪಟ್ಟಿ ಮತ್ತು ದಾರದಿಂದ ಸರಿಪಡಿಸುವುದನ್ನು ವಿವರಿಸಿದರು. ನೋವಿಗೆ ಲವಂಗದ ಎಣ್ಣೆಯನ್ನೂ ಸೂಚಿಸಿದ್ದರು ಎಂದು ಓದಿದಾಗ ನನಗೆ ನಾನಿ ನೆನಪಾದರು. ಹುಳದ ವಿಷಯದಲ್ಲಿ ಅವರು ತಪ್ಪಿದ್ದರೂ ಲವಂಗದ ವಿಷಯದಲ್ಲಿ ಸರಿಯಾಗಿದ್ದರು!

ಫೋಶಾರ್ ಕೂಡ ಎಲ್ಲದರಲ್ಲೂ ಸರಿ ಇರಲಿಲ್ಲ. ಸ್ವಂತ ಮೂತ್ರದಿಂದ ಬಾಯಿ ಮುಕ್ಕಳಿಸಿದರೆ ಹಲ್ಲಿಗೆ ಒಳ್ಳೆಯದೆಂದು ಅವರು ನಂಬಿದ್ದರು. ಬಾಯಿಯ ಸೂಕ್ಷ್ಮಜೀವಿಗಳು ಸಿಹಿ, ಹಿಟ್ಟಿನ ಪದಾರ್ಥಗಳನ್ನು ಆಮ್ಲವಾಗಿಸಿ ಹಲ್ಲನ್ನು ಕರಗಿಸುತ್ತವೆ ಎಂದು ವಿಲ್ಲೋಬಿ ಮಿಲ್ಲರ್ 1890ರ ತಮ್ಮ ಪುಸ್ತಕದಲ್ಲಿ ವಿವರಿಸುವವರೆಗೆ ನಿಜವಾದ ಕಾರಣ ಸ್ಪಷ್ಟವಾಗಿರಲಿಲ್ಲ.

ನನ್ನ ಮನಸ್ಸಿಗೆ ನಾಟಿದ್ದು ಬೇರೆ ಸಂಗತಿ. ಅಂದಿನ ದಂತವೈದ್ಯರು ತಮ್ಮ ವಿದ್ಯೆಯನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದರು. ಗುಟ್ಟೇ ಅವರ ಅನ್ನ. ಹಲ್ಲಿನ ಬಗ್ಗೆ ಮೊದಲು ಬರೆದವರು ಇರಲಿಲ್ಲವೆಂದಲ್ಲ. ಸ್ಪೇನಿನ ಅಲ್-ಝಹ್ರಾವಿ ಅವರು ಸುಮಾರು ಏಳು ಶತಮಾನ ಮುಂಚೆಯೇ ಹಲ್ಲಿನ ಕಿಟ್ಟ ತೆಗೆಯುವ ಉಪಕರಣಗಳ ಚಿತ್ರ ಬರೆದಿಟ್ಟಿದ್ದರು. ಫೋಶಾರ್ ತಾವು ಕಲಿತ ಕಸುಬನ್ನೆಲ್ಲ ಚಿತ್ರಗಳ ಸಮೇತ ಎರಡು ಸಂಪುಟಗಳಲ್ಲಿ ಬರೆದು 1728ರಲ್ಲಿ ಪ್ರಕಟಿಸಿದರು. ನೂರಾರು ಪುಟಗಳು! 1733ರಲ್ಲಿ ಅದು ಜರ್ಮನ್ ಭಾಷೆಗೂ ಹೋಯಿತು. ಪ್ರತಿಸ್ಪರ್ಧಿಗಳೂ ಅದನ್ನು ಓದಿ ಕಲಿಯಬಹುದಿತ್ತು. 1761ರಲ್ಲಿ ಅವರು ತೀರಿಕೊಂಡರು, ವಿದ್ಯೆ ಉಳಿಯಿತು.

ಗೆಳೆಯರೇ, ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಪರೀಕ್ಷೆಗೆ ಮುನ್ನ ಸಹಪಾಠಿಯೊಬ್ಬ ಜೀವಶಾಸ್ತ್ರದ ನೋಟ್ಸ್ ಕೇಳಿದಾಗ, ಇನ್ನೂ ಬರೆದಿಲ್ಲ ಎಂದು ನಾನು ಸುಳ್ಳು ಹೇಳಿದ್ದೆ. ಫೋಶಾರ್ ಅವರ ಬಗ್ಗೆ ಓದಿದ ಮರುದಿನ ನೋಟ್ಸನ್ನು ಅವನ ಕೈಗೆ ಕೊಟ್ಟೆ. ಅದರಲ್ಲಿದ್ದ ಎರಡು ತಪ್ಪುಗಳನ್ನು ಅವನು ತಿದ್ದಿ ಹಿಂದಿರುಗಿಸಿದ.