ಎರಡೂ ಕಡೆಯಿಂದ ಬೈಸಿಕೊಂಡ ಜನರಲ್

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ತಯಾರಿಗೆಂದು ಗ್ರೂಪ್ ಡಿಸ್ಕಷನ್ ಮಾಡಿಸಿದ್ದರು. ಬೇರೆ ದೇಶಗಳು ಹೊಡೆದಾಡುವಾಗ ಭಾರತ ತಟಸ್ಥವಾಗಿರಬೇಕೇ ಎಂಬುದು ವಿಷಯ. ತಟಸ್ಥ ಎಂದರೆ ಕೈಕಟ್ಟಿ ಕೂರುವುದು, ಧೈರ್ಯವಿಲ್ಲದವರ ಕೆಲಸ ಎಂದು ನಾನು ಜೋರಾಗಿಯೇ ವಾದಿಸಿದೆ. ಯಾರೂ ಎದುರು ಮಾತಾಡಲಿಲ್ಲ. ಗೆದ್ದೆ ಅಂದುಕೊಂಡೆ.

ಅದಾದ ಮೇಲೆ ಪುತ್ತರಿ ಹಬ್ಬಕ್ಕೆ ಕೊಡಗಿನ ಗೆಳೆಯನ ಮನೆಗೆ ಹೋಗಿದ್ದೆ. ವಾಪಸ್ ಬರುವ ದಿನ ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಮಡಿಕೇರಿಯ 'ಸನ್ನಿ ಸೈಡ್' ಮನೆಗೆ ಹೊಕ್ಕೆವು. ಜನರಲ್ ಕೆ.ಎಸ್. ತಿಮ್ಮಯ್ಯನವರ ಮನೆ ಅದು, 2021ರಿಂದ ಮ್ಯೂಸಿಯಂ. ಸೇನೆಯ ಮುಖ್ಯಸ್ಥರಾಗಿದ್ದರು ಎಂಬುದು ಬಿಟ್ಟರೆ ನನಗೆ ಅವರ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ. ಊರಿಗೆ ಬಂದು ಓದಲು ಶುರು ಮಾಡಿದೆ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ. ಕೂನೂರು, ಬೆಂಗಳೂರು, ಡೆಹ್ರಾಡೂನ್‌ನಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಮುಗಿಸಿ 1926ರಲ್ಲಿ ಅಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಬ್ರಿಗೇಡ್ ಮುನ್ನಡೆಸಿದರು. 1948ರ ನವೆಂಬರ್‌ನಲ್ಲಿ ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲಡಾಖಿನ ದಾರಿ ಬಿಡಿಸಿದ ಕಥೆ ಬಹಳ ಜನರಿಗೆ ಗೊತ್ತು. ಮೆಕ್ಯಾನಿಕಲ್ ವಿದ್ಯಾರ್ಥಿಯಾದ ನಾನು ಅದರ ಬಗ್ಗೆಯೇ ಎರಡು ಪುಟ ಬರೆಯಬಲ್ಲೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊರಿಯಾ.

1950ರ ಜೂನ್‌ನಲ್ಲಿ ಉತ್ತರ ಕೊರಿಯಾ ದಕ್ಷಿಣದ ಮೇಲೆ ಬಿದ್ದಾಗ ಅಮೆರಿಕದ ನೇತೃತ್ವದ ವಿಶ್ವಸಂಸ್ಥೆಯ ಪಡೆ ದಕ್ಷಿಣದ ನೆರವಿಗೆ ಬಂತು. ಅಮೆರಿಕನ್ನರು 38ನೇ ಅಕ್ಷಾಂಶ ದಾಟಿ ಉತ್ತರಕ್ಕೆ ಬಂದರೆ ತಾನೂ ಯುದ್ಧಕ್ಕಿಳಿಯುತ್ತೇನೆಂದು ಚೀನಾ ಅಕ್ಟೋಬರ್‌ನಲ್ಲಿ ಎಚ್ಚರಿಸಿತು. ಆ ಎಚ್ಚರಿಕೆ ಹೋಗಿದ್ದು ಬೀಜಿಂಗ್‌ನಲ್ಲಿದ್ದ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಮೂಲಕ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಚೀನಾ ಇಳಿದೇ ಬಿಟ್ಟಿತು. 1951ರಲ್ಲಿ ಶುರುವಾದ ಸಂಧಾನ ಒಂದೇ ವಿಷಯಕ್ಕೆ ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಹಾಕಿಕೊಂಡಿತ್ತು. ಸೆರೆಸಿಕ್ಕ ಸಾವಿರಾರು ಚೀನೀ ಮತ್ತು ಉತ್ತರ ಕೊರಿಯಾದ ಸೈನಿಕರು ತಮ್ಮ ದೇಶಕ್ಕೆ ಮರಳಲು ಒಪ್ಪುತ್ತಿಲ್ಲ ಎಂದು ಅಮೆರಿಕ ಹೇಳುತ್ತಿತ್ತು. ಹೆದರಿಸಿ ಹಾಗೆ ಹೇಳಿಸುತ್ತಿದ್ದಾರೆ ಎಂಬುದು ಇನ್ನೊಂದು ಕಡೆಯ ವಾದ. ತಟಸ್ಥ ದೇಶಗಳ ಆಯೋಗಕ್ಕೆ ಕೈದಿಗಳನ್ನು ಒಪ್ಪಿಸುವ ದಾರಿಯನ್ನು 1952ರಲ್ಲಿ ವಿಶ್ವಸಂಸ್ಥೆಯಲ್ಲಿ ಮುಂದಿಟ್ಟವರು ಭಾರತದ ವಿ.ಕೆ. ಕೃಷ್ಣ ಮೆನನ್. ಮೊದಲು ಸೋವಿಯತ್ ಒಕ್ಕೂಟವೂ ಚೀನಾವೂ ತಳ್ಳಿಹಾಕಿದವು. ಮರುವರ್ಷ ಸ್ಟಾಲಿನ್ ತೀರಿಕೊಂಡ ಮೇಲೆ ಗಾಳಿ ಬದಲಾಯಿತು. ಜುಲೈ 27, 1953ರಂದು ಕದನವಿರಾಮಕ್ಕೆ ಸಹಿ ಬಿತ್ತು.

ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್‌ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವಿನ ಕುರ್ಚಿಯಲ್ಲಿ ಅಧ್ಯಕ್ಷ ತಿಮ್ಮಯ್ಯ. ಮತ ಎರಡೆರಡಾಗಿ ಒಡೆದಾಗಲೆಲ್ಲ ತೀರ್ಮಾನ ಅವರದೇ. ಹಾಗೆ ಒಡೆಯುವುದೇ ಹೆಚ್ಚು.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತಮ್ಮ ನೆಲ ಮುಟ್ಟಕೂಡದೆಂದು ಹಟ ಹಿಡಿದರು. ಹೀಗಾಗಿ ಮೇಜರ್ ಜನರಲ್ ತೋರಟ್ ಅವರ ಕೈಕೆಳಗಿದ್ದ ಸುಮಾರು ಆರು ಸಾವಿರ ಜನರ ನಮ್ಮ ಕಾವಲು ಪಡೆಯನ್ನು ಹಡಗಿನಿಂದಲೇ ಹೆಲಿಕಾಪ್ಟರ್‌ಗಳಲ್ಲಿ ಎತ್ತಿ ಸೇನಾಮುಕ್ತ ವಲಯದಲ್ಲಿ ಇಳಿಸಬೇಕಾಯಿತು. ಅವರ ವಶಕ್ಕೆ ಬಂದದ್ದು ದಕ್ಷಿಣದ ಕಡೆಯಿಂದ 22 ಸಾವಿರಕ್ಕೂ ಹೆಚ್ಚು ಕೈದಿಗಳು, ಉತ್ತರದ ಕಡೆಯಿಂದ 359. ಆ 359ರಲ್ಲಿ 23 ಜನ ಅಮೆರಿಕನ್ನರು!

ಶಿಬಿರದೊಳಗೆ ಕೈದಿಗಳದೇ ನಾಯಕರಿದ್ದರು. ಮನೆಗೆ ಹೋಗುತ್ತೇನೆಂದು ಬಾಯಿಬಿಟ್ಟವನನ್ನು ಅವರೇ ಬಡಿಯುತ್ತಿದ್ದರು. ಆಸೆಯಾದವನು ರಾತ್ರಿ ಬೇಲಿ ಹಾರಿ ನಮ್ಮ ಸೈನಿಕರ ಹತ್ತಿರ ಓಡಿಬರಬೇಕಿತ್ತು. ಒಪ್ಪಂದದ ಪ್ರಕಾರ ಪ್ರತಿಯೊಬ್ಬನಿಗೂ ಅವನ ದೇಶದ ಪ್ರತಿನಿಧಿ ಡೇರೆಯೊಂದರಲ್ಲಿ ವಿವರಣೆ ಕೊಡಬೇಕು, ಆಮೇಲೆ ಅವನು ತನ್ನ ದಾರಿ ಆರಿಸಿಕೊಳ್ಳಬೇಕು. ಅನೇಕರು ಡೇರೆಗೆ ಬರಲೇ ಒಪ್ಪಲಿಲ್ಲ. ಎಳೆದು ತನ್ನಿ ಎಂದು ಒಂದು ಕಡೆಯ ಒತ್ತಾಯ, ಮುಟ್ಟಿದರೆ ನಾವು ಎದ್ದುಹೋಗುತ್ತೇವೆ ಎಂದು ಇನ್ನೊಂದು ಕಡೆ. ಅಕ್ಟೋಬರ್ ಮೊದಲ ವಾರ ಗಲಭೆಯಲ್ಲಿ ನಮ್ಮವರು ಗುಂಡು ಹಾರಿಸಿ ಕೆಲವು ಕೈದಿಗಳು ಸತ್ತೂ ಹೋದರು. ಅದಾದ ಮೇಲೆ ಕೈದಿಗಳನ್ನು ಬಲವಂತವಾಗಿ ಡೇರೆಗೆ ತರುವುದಿಲ್ಲ ಎಂಬ ನಿಲುವಿಗೆ ತಿಮ್ಮಯ್ಯ ಅಂಟಿಕೊಂಡರು. ತೊಂಬತ್ತು ದಿನಗಳ ಅವಧಿಯಲ್ಲಿ ವಿವರಣೆ ನಡೆದದ್ದು ಬೆರಳೆಣಿಕೆಯ ದಿನಗಳಷ್ಟೇ.

1954ರ ಜನವರಿ ಬಂತು. ಉಳಿದ ಕೈದಿಗಳ ಗತಿ ತೀರ್ಮಾನಿಸಬೇಕಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ಬಿಡುಗಡೆ ಮಾಡಿ ಎಂದು ಅಮೆರಿಕ, ಹಿಡಿದಿಟ್ಟುಕೊಳ್ಳಿ ಎಂದು ಚೀನಾ. ತಿಮ್ಮಯ್ಯ ಎರಡನ್ನೂ ಮಾಡಲಿಲ್ಲ. ಬಿಡುಗಡೆ ಎಂದು ಘೋಷಿಸದೆ, ಯಾರಿಂದ ಪಡೆದಿದ್ದರೋ ಅವರಿಗೇ ಕೈದಿಗಳನ್ನು ವಾಪಸ್ ಒಪ್ಪಿಸಿದರು. ಇದನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂತು, ಇದು ಕೈತೊಳೆದುಕೊಂಡ ಹಾಗಲ್ಲವೇ? ಅಮೆರಿಕದ ಕಡೆಯವರು ಬಿಟ್ಟುಬಿಡುತ್ತಾರೆಂಬುದು ಅವರಿಗೆ ಗೊತ್ತಿರದ ಸಂಗತಿಯೇನಲ್ಲ. ಆದರೆ ಬೇರೆ ಯಾವ ದಾರಿ ಇತ್ತು ಎಂದು ಹುಡುಕುತ್ತಾ ಹೋದರೆ ನನಗೆ ಸಿಗಲಿಲ್ಲ. ಹಿಡಿದಿಟ್ಟುಕೊಂಡಿದ್ದರೆ ಆರು ಸಾವಿರ ಜನ ಇಪ್ಪತ್ತೆರಡು ಸಾವಿರ ಜನರನ್ನು ಕಾಯಬೇಕಿತ್ತು, ಬೆನ್ನ ಹಿಂದೆ ರೀ ಅವರ ಸೈನ್ಯ. ಬಿಟ್ಟಿದ್ದರೆ ಒಂದು ಪಕ್ಷ ವಹಿಸಿದಂತೆ. ಎರಡೂ ಕಡೆಯವರೂ ಅವರನ್ನು ಬೈದರು. ನನ್ನ ಗ್ರೂಪ್ ಡಿಸ್ಕಷನ್‌ನಲ್ಲಿ ಇಂಥದ್ದಕ್ಕೆ ಜಾಗವೇ ಇರಲಿಲ್ಲ.

88 ಜನ ಮಾತ್ರ ಅತ್ತಲೂ ಬೇಡ, ಇತ್ತಲೂ ಬೇಡ ಎಂದರು. 76 ಕೊರಿಯನ್ನರು, 12 ಚೀನೀಯರು. ನಮ್ಮ ಪಡೆಯ ಜೊತೆಗೇ ಅವರು ಭಾರತಕ್ಕೆ ಬಂದರು, ಮುಂದೆ ಹಲವರು ಬ್ರೆಜಿಲ್, ಅರ್ಜೆಂಟೀನಾ ಸೇರಿಕೊಂಡರು. ಅವರಲ್ಲಿ ನನ್ನ ವಯಸ್ಸಿನವರೂ ಇದ್ದಿರಬೇಕು. ಡೇರೆಯಲ್ಲಿ ನಿಂತು ಕೆಲವೇ ನಿಮಿಷದಲ್ಲಿ ಅಪ್ಪ ಅಮ್ಮ, ಊರು ಎಲ್ಲ ಬಿಡಬೇಕೇ ಎಂದು ತೀರ್ಮಾನಿಸುವುದು. ನನಗೆ ಇಲೆಕ್ಟಿವ್ ಆರಿಸಲು ವಾರ ಬೇಕು.

ತಿಮ್ಮಯ್ಯನವರಿಗೆ ಅದೇ ವರ್ಷ ಪದ್ಮಭೂಷಣ ಬಂತು. 1957ರಿಂದ 61ರವರೆಗೆ ಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಸಚಿವರಾಗಿದ್ದವರು ಅದೇ ಕೃಷ್ಣ ಮೆನನ್. ಇಬ್ಬರಿಗೂ ಆಗಿಬರಲಿಲ್ಲ, 1959ರಲ್ಲಿ ರಾಜೀನಾಮೆ ಕೊಟ್ಟು ನೆಹರೂ ಮಾತಿಗೆ ವಾಪಸ್ ತೆಗೆದುಕೊಂಡರು. ನಿವೃತ್ತಿಯ ನಂತರ ಮತ್ತೆ ಅಂಥದ್ದೇ ಕೆಲಸ. 1964ರಲ್ಲಿ ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್‌ಗೆ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ ಹೋದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಈಗ ಅವರದೇ ಹೆಸರು. ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ನಾವೆಲ್ಲ ಇನ್ನೂ ರಿಚ್ಮಂಡ್ ರೋಡ್ ಎಂದೇ ಟಿಕೆಟ್ ಕೇಳುತ್ತೇವೆ.