ಜೀವದಾನಿ ಹಾಫ್ಕಿನ್

ಕಲ್ಯಾಣದ ನೆರೆಯಲ್ಲಿರುವ ರಾಜೇಶ್ವರದವರಾದ ನಮಗೆ, ನಂಬಿದುದನ್ನು ಬಿಡಲೊಲ್ಲದೆ ನೆಲೆಯನ್ನೇ ಬಿಟ್ಟು ನಡೆದವರ ಕಥೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರು ಹಾಗೆಯೇ ಕಲ್ಯಾಣವನ್ನು ತೊರೆದು ಚದುರಿದರು. ಏಳು ಶತಮಾನಗಳ ತರುವಾಯ ದೂರದ ರಷ್ಯಾ ಸಾಮ್ರಾಜ್ಯದಲ್ಲಿ ಇಂತಹುದೇ ಕಾರಣಕ್ಕಾಗಿ ಒಬ್ಬ ಪ್ರಾಣಿಶಾಸ್ತ್ರಜ್ಞರು ನೆಲೆ ತಪ್ಪಿದರು. ಅಲೆದು ಅಲೆದು ಕಡೆಗೆ ನಮ್ಮ ದೇಶಕ್ಕೆ ಬಂದು, ಕಾಲರಾ ಮತ್ತು ಪ್ಲೇಗುಗಳೆಂಬ ಎರಡು ಮಾರಿಗಳಿಗೆ ಎದುರಾಗಿ ನಿಂತರು. ಆ ಮಹನೀಯರೇ ವಾಲ್ಡೆಮಾರ್ ಹಾಫ್ಕಿನ್.

ಹಾಫ್ಕಿನ್ನರು ಜನಿಸಿದುದು 1860ನೆಯ ಇಸವಿ ಮಾರ್ಚ್ 15ರಂದು, ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದಲ್ಲಿ. ಇಂದು ಅದು ಯುಕ್ರೇನಿಗೆ ಸೇರಿದೆ. ಅವರದು ಯೆಹೂದಿ ಕುಟುಂಬ. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಖ್ಯಾತ ವಿಜ್ಞಾನಿ ಮೆಚ್ನಿಕಾಫರ ಶಿಷ್ಯರಾಗಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರು. 1881ರಲ್ಲಿ ಯೆಹೂದಿಗಳ ಮೇಲೆ ದೊಂಬಿಯೆದ್ದಾಗ ತಮ್ಮವರ ರಕ್ಷಣೆಗೆ ನಿಂತು ಸೆರೆಯಾದರು. ಗುರುಗಳ ಪ್ರಯತ್ನದಿಂದ ಬಿಡುಗಡೆಯಾಯಿತು. ವಿದ್ವತ್ತಿನಲ್ಲಿ ಅವರು ಯಾರಿಗೂ ಕಡಮೆಯವರಾಗಿರಲಿಲ್ಲ. ಆದರೆ ಅಧ್ಯಾಪಕ ಪದವಿ ದೊರೆಯಬೇಕಾದರೆ ಮತವನ್ನು ಬದಲಿಸಬೇಕಾಗಿದ್ದಿತು. ಅವರು ಮತವನ್ನು ಉಳಿಸಿಕೊಂಡರು, ಪದವಿಯನ್ನು ಬಿಟ್ಟರು. 1888ರಲ್ಲಿ ತಾಯ್ನಾಡನ್ನು ತೊರೆದು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ದೊರೆತ ಕೆಲಸವಾದರೂ ಯಾವುದು? ಪುಸ್ತಕ ಭಂಡಾರದ ಸಹಾಯಕನ ಕೆಲಸ! ಅದನ್ನೇ ಸಂತೋಷದಿಂದ ಒಪ್ಪಿಕೊಂಡು, ಬಿಡುವಿನ ವೇಳೆಯಲ್ಲಿ ಪ್ರಯೋಗಶಾಲೆಯಲ್ಲಿ ದುಡಿದರು. ಪ್ರಾಣಿಶಾಸ್ತ್ರದ ಪಂಡಿತರು ಹೀಗೆ ವೈದ್ಯಸಂಶೋಧಕರಾದರು.

ಕಾಲರಾ ರೋಗಕ್ಕೆ ಲಸಿಕೆಯನ್ನು ಸಿದ್ಧಪಡಿಸಿದ ಹಾಫ್ಕಿನ್ನರು 1892ರ ಜುಲೈ 18ರಂದು ಅದನ್ನು ಮೊಟ್ಟಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಕಾಲರಾದ ತವರೆನಿಸಿದ್ದ ಭಾರತದಲ್ಲಿಯೇ ಅದರ ಪರೀಕ್ಷೆಯಾಗಬೇಕೆಂದು 1893ರಲ್ಲಿ ಕಲ್ಕತ್ತೆಗೆ ಬಂದರು. ಎರಡೂವರೆ ವರ್ಷಗಳಲ್ಲಿ ಸುಮಾರು ನಲವತ್ತು ಸಾವಿರ ಜನರಿಗೆ ಲಸಿಕೆ ಹಾಕಿದರು. ಈ ಓಡಾಟದಲ್ಲಿ ಮಲೇರಿಯಾ ತಗುಲಿ ಅವರ ದೇಹ ಜರ್ಜರಿತವಾಯಿತು. ಇಂಗ್ಲೆಂಡಿಗೆ ಹೋಗಿ ಸುಧಾರಿಸಿಕೊಂಡು 1896ರಲ್ಲಿ ಮರಳಿ ಬಂದರು.

ಅದೇ ವರ್ಷ ಮುಂಬಯಿಯಲ್ಲಿ ಪ್ಲೇಗು ತಲೆದೋರಿತು. ಇಲಿ ಬಿದ್ದವೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದ ಆ ದಿನಗಳ ಮಾತು ನಮ್ಮ ಹಳೆಯ ತಲೆಗಳಿಂದ ಮನೆಮನೆಗೂ ಇಳಿದು ಬಂದಿದೆ. ಸರಕಾರದ ಕರೆಯಂತೆ ಮುಂಬಯಿಗೆ ಬಂದ ಹಾಫ್ಕಿನ್ನರಿಗೆ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದಿಷ್ಟು ಸ್ಥಳವೂ ಬೆರಳೆಣಿಕೆಯ ಸಹಾಯಕರೂ ದೊರೆತರು. ಅಷ್ಟರಲ್ಲಿಯೇ ಹಗಲಿರುಳು ದುಡಿದು ಮೂರು ತಿಂಗಳಲ್ಲಿ ಲಸಿಕೆಯನ್ನು ಸಿದ್ಧಪಡಿಸಿದರು. ಅದರ ತಯಾರಿಕೆಯಲ್ಲಿ ನಮ್ಮ ಅಡಿಗೆಮನೆಯ ತುಪ್ಪಕ್ಕೂ ಪಾಲಿದ್ದಿತೆಂಬುದು ಸ್ವಾರಸ್ಯದ ಸಂಗತಿ. ಮಾಂಸದ ತಿಳಿಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರೆ ಪ್ಲೇಗಿನ ಸೂಕ್ಷ್ಮಾಣುಗಳು ಅವನ್ನು ಹಿಡಿದು ಬಿಳಲುಗಳಂತೆ ಕೆಳಕ್ಕೆ ಬೆಳೆಯುತ್ತಿದ್ದುವು. ಅನಂತರ ಅದನ್ನು ಕಾಯಿಸಿ ಅಣುಜೀವಿಗಳನ್ನು ಕೊಲ್ಲುತ್ತಿದ್ದರು. ಹಿಂದೂ ಮುಸಲ್ಮಾನರಿಬ್ಬರ ಮನಸ್ಸೂ ನೋಯದಿರಲೆಂದು ಆಡಿನ ಮಾಂಸವನ್ನೇ ಬಳಸಿದರು.

1897ರ ಜನವರಿ 10ರಂದು ಹಾಫ್ಕಿನ್ನರು ಈ ಲಸಿಕೆಯನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂದಿತು, ನೋವಾಯಿತು, ಇಳಿಯಿತು. ಆ ಬಳಿಕವೇ ಬೈಕುಲ್ಲಾ ಸೆರೆಮನೆಯಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಹಾಕಿದರು. ಹಾಕಿಸಿಕೊಂಡವರಲ್ಲಿ ರೋಗ ಕಡಮೆಯಾದುದು ಕಂಡುಬಂದಿತು. ಅದೇ ವರ್ಷ ಪುಣೆಯಲ್ಲಿ ಪ್ಲೇಗು ನಿವಾರಣೆಯ ಹೆಸರಿನಲ್ಲಿ ಅಧಿಕಾರಿಗಳು ನಡೆಸಿದ ದಬ್ಬಾಳಿಕೆಯಿಂದ ಜನ ಕೆರಳಿ, ರ‍್ಯಾಂಡ್ ಎಂಬ ಅಧಿಕಾರಿಯ ಕೊಲೆಯೇ ಆಯಿತು. ಬಲಾತ್ಕಾರದಿಂದ ಆಗದುದನ್ನು ನಂಬಿಕೆ ಮಾಡಿತು. ಆಗಾ ಖಾನರಂಥವರು ತಾವೇ ಲಸಿಕೆ ಹಾಕಿಸಿಕೊಂಡು ಜನರಿಗೆ ಧೈರ್ಯ ತುಂಬಿದರು. 1898ರಲ್ಲಿ ನಮ್ಮ ಹುಬ್ಬಳ್ಳಿಯೊಂದರಲ್ಲಿಯೇ ಮೂವತ್ತು ಸಾವಿರಕ್ಕೂ ಮಿಕ್ಕ ಜನ ಲಸಿಕೆಗೆ ತೋಳೊಡ್ಡಿದರು. ಅದೇ ವರ್ಷ ರೈಲುದಾರಿಯ ಗುಂಟ ಪ್ಲೇಗು ಬೆಂಗಳೂರನ್ನೂ ಹೊಕ್ಕಿತು.

ಕೀರ್ತಿ ಬಂದ ದಾರಿಯಲ್ಲಿಯೇ ಅಪಕೀರ್ತಿಯೂ ಬಂದಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಉಳಿದ ಸೀಸೆಗಳಿಂದ ಹಾಕಿಸಿಕೊಂಡ 88 ಮಂದಿಗೆ ಏನೂ ಆಗಲಿಲ್ಲ. ಆದರೂ ತಪ್ಪನ್ನು ಪ್ರಯೋಗಶಾಲೆಯ ಮೇಲೆಯೇ ಹೊರಿಸಲಾಯಿತು. ಹಾಫ್ಕಿನ್ನರು ಅಧಿಕಾರವನ್ನು ಕಳೆದುಕೊಂಡು 1904ರಲ್ಲಿ ಭಾರತವನ್ನು ಬಿಟ್ಟರು. ತಾಯ್ನಾಡಿನಲ್ಲಿ ಮತದ ನೆವದಿಂದ ಹೊರಗಾದವರು ಇಲ್ಲಿ ಮಾಡದ ತಪ್ಪಿಗಾಗಿ ಹೊರಗಾದರು!

ಸತ್ಯ ನಿಧಾನವಾಗಿಯಾದರೂ ಹೊರಬಿದ್ದಿತು. ಆ ಸೀಸೆಯ ಬಿರಡೆಯನ್ನು ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ಮಣ್ಣಿಗೆ ಬಿದ್ದಿದ್ದಿತು. ಅದನ್ನು ಸರಿಯಾಗಿ ಶುದ್ಧಮಾಡದೆಯೇ ಬಳಸಲಾಗಿದ್ದಿತು. ಮಲೇರಿಯಾದ ಗುಟ್ಟನ್ನು ಬಿಡಿಸಿದ ರೊನಾಲ್ಡ್ ರಾಸ್‌ರೂ ಇತರ ವಿಜ್ಞಾನಿಗಳೂ 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವರ ಪರವಾಗಿ ದನಿಯೆತ್ತಿದರು. ಕಡೆಗೆ ಸರಕಾರ ಅವರನ್ನು ದೋಷಮುಕ್ತರನ್ನಾಗಿ ಮಾಡಿತು. ಹಾಫ್ಕಿನ್ನರು ಮತ್ತೆ ಕಲ್ಕತ್ತೆಗೆ ಬಂದರು. ಆದರೆ ತಾವೇ ಕಟ್ಟಿ ಬೆಳೆಸಿದ ಮುಂಬಯಿಯ ಪ್ರಯೋಗಶಾಲೆ ಮಾತ್ರ ಅವರಿಗೆ ಮರಳಿ ದೊರೆಯಲಿಲ್ಲ. ಸೇವೆಯಿಂದ ನಿವೃತ್ತರಾದ ಬಳಿಕ ಯೂರೋಪಿಗೆ ಹಿಂದಿರುಗಿ, 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ದೇಹವಿಟ್ಟರು.

1925ರಲ್ಲಿ, ಅವರು ಬದುಕಿರುವಾಗಲೇ, ಮುಂಬಯಿಯ ಪರೇಲಿನಲ್ಲಿರುವ ಆ ಪ್ರಯೋಗಶಾಲೆಗೆ ಹಾಫ್ಕಿನ್ ಸಂಸ್ಥೆಯೆಂದು ಹೆಸರಿಡಲಾಯಿತು. 1964ರಲ್ಲಿ ಭಾರತ ಸರಕಾರ ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರತಂದಿತು. ಇವು ತಕ್ಕ ಗೌರವಗಳೇ. ಆದರೆ ವಿದ್ಯಾರ್ಥಿ ಮಿತ್ರರು ಅವರಿಂದ ಕಲಿಯಬೇಕಾದುದು ಬೇರೊಂದಿದೆ. ಪರರಿಗೆ ಕೊಡುವ ಮದ್ದನ್ನು ಮೊದಲು ತನ್ನ ಮೈಯಲ್ಲಿ ಪರೀಕ್ಷಿಸಿ ನೋಡುವವನ ಮಾತಿಗೆ ಮಾತ್ರ ಜನ ತೋಳು ಚಾಚುತ್ತಾರೆ. ನುಡಿದುದನ್ನು ನಡೆದು ತೋರಿಸಬೇಕೆಂಬುದು ಕಲ್ಯಾಣದ ನೆಲದವರಾದ ನಮಗೆ ಹಳೆಯ ಪಾಠ. ಒಡೆಸ್ಸಾದ ಆ ಪರದೇಶಿ ನಮ್ಮ ಮಣ್ಣಿನಲ್ಲಿ ಅದನ್ನು ಮತ್ತೊಮ್ಮೆ ಬದುಕಿ ತೋರಿಸಿದರು.