ಸಂತ ಎಡ್ಮಂಡರೂ ಅವರ ಪಟ್ಟಣವೂ

ಇಂಗ್ಲೆಂಡಿನ ಪೂರ್ವಭಾಗದ ಸಫೋಕ್ ಪ್ರಾಂತ್ಯದಲ್ಲಿ ಬೆರಿ ಸೇಂಟ್ ಎಡ್ಮಂಡ್ಸ್ ಎಂಬ ಪಟ್ಟಣವಿದೆ. ಶತಮಾನಗಳಿಂದ ಸಂತೆ ನಡೆದುಬಂದಿರುವ ಊರದು. ನವೆಂಬರ್ 20ರಂದು ನಾವು ಸ್ಮರಿಸುವ ಅರಸ ಹಾಗೂ ರಕ್ತಸಾಕ್ಷಿ ಸಂತ ಎಡ್ಮಂಡರಿಂದಲೇ ಅದಕ್ಕೆ ಆ ಹೆಸರು ಬಂದಿತು.

ಒಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡ್ ಹಲವು ರಾಜ್ಯಗಳಾಗಿ ಹಂಚಿಹೋಗಿತ್ತು. ಅವುಗಳಲ್ಲೊಂದಾದ ಪೂರ್ವ ಆಂಗ್ಲಿಯಕ್ಕೆ ಎಡ್ಮಂಡರು ಅರಸರು. ಹದಿಹರೆಯದಲ್ಲಿಯೇ ಪಟ್ಟವೇರಿದರೆಂಬುದು ಪರಂಪರೆಯ ಮಾತು. 865ರಲ್ಲಿ ಡೇನರ ದೊಡ್ಡ ಸೇನೆ ಅವರ ನಾಡಿಗೆ ಬಂದಿಳಿಯಿತು. ಆಗ ಕುದುರೆಗಳನ್ನು ಕೊಟ್ಟು ಸಂಧಿ ಮಾಡಿಕೊಳ್ಳಲಾಯಿತು. 869ರಲ್ಲಿ ಸೇನೆ ಮರಳಿ ಬಂದಿತು. ಎಡ್ಮಂಡರು ಹೋರಾಡಿದರು, ಡೇನರು ಗೆದ್ದು ಅವರನ್ನು ಕೊಂದರು ಎಂಬಷ್ಟನ್ನೇ ಆಂಗ್ಲರ ಹಳೆಯ ಇತಿವೃತ್ತ ದಾಖಲಿಸಿದೆ.

ಉಳಿದ ವಿವರ ಬಾಯಿಂದ ಬಾಯಿಗೆ ಬಂದದ್ದು. ಅರಸರ ಆಯುಧಧಾರಿಯಾಗಿದ್ದವನು ಮುಪ್ಪಿನಲ್ಲಿ ಹೇಳಿದ್ದನ್ನು ತರುಣ ಡನ್‌ಸ್ಟನ್ ಕೇಳಿದರು. ಮುಂದೆ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷರಾದ ಅವರಿಂದ ಕೇಳಿ, ಫ್ಲೂರಿ ಮಠದ ಸನ್ಯಾಸಿ ಅಬ್ಬೊ ಅದನ್ನು ಬರೆದಿಟ್ಟರು. ಅಧೀನನಾಗಿ ಆಳುವುದಾದರೆ ಜೀವ ಉಳಿಯುತ್ತದೆಂದು ಡೇನರ ನಾಯಕ ತಿಳಿಸಿದನಂತೆ. ಕ್ರಿಸ್ತನನ್ನರಿಯದ ಅರಸನಿಗೆ ತಲೆಬಾಗಲು ಎಡ್ಮಂಡರು ಒಪ್ಪಲಿಲ್ಲ. ಅವರನ್ನು ಮರಕ್ಕೆ ಕಟ್ಟಿ, ಸಂತ ಸೆಬಾಸ್ಟಿಯನ್ನರಿಗೆ ಮಾಡಿದಂತೆ ಬಾಣಗಳಿಂದ ಚುಚ್ಚಿ, ಕೊನೆಗೆ ಶಿರಚ್ಛೇದ ಮಾಡಿದರು. ಕಾಡಿನಲ್ಲೆಸೆದ ಶಿರಸ್ಸನ್ನು ತೋಳವೊಂದು ಕಾದಿತ್ತೆಂಬ ಕಥೆಯೂ ಉಂಟು. ಅದನ್ನು ನಾವು ಇತಿಹಾಸವೆಂದು ವಾದಿಸಬೇಕಾಗಿಲ್ಲ. ಪಟ್ಟಣದ ಲಾಂಛನದಲ್ಲಿ ಮಾತ್ರ ಆ ತೋಳ ಇಂದಿಗೂ ಇದೆ.

ನಮಗೆ ತೋಳಕ್ಕಿಂತ ದೊಡ್ಡ ಅಚ್ಚರಿಯಾಗಿ ಕಾಣುವುದು ಬೇರೊಂದು. ಆ ಶತಮಾನ ಮುಗಿಯುವ ಹೊತ್ತಿಗೆ, ಅದೇ ನಾಡಿನಲ್ಲಿ ನೆಲೆಯೂರಿದ್ದ ಡೇನರು ಎಡ್ಮಂಡರನ್ನು ಸಂತರೆಂದು ಹೆಸರಿಸಿ ನಾಣ್ಯಗಳನ್ನು ಟಂಕಿಸುತ್ತಿದ್ದರು. ಕೊಂದವರ ಜನಾಂಗವೇ ಕೊಲ್ಲಲ್ಪಟ್ಟವರಿಗೆ ಕೈಮುಗಿಯಿತು! ಅವರ ಪಾರ್ಥಿವ ಶರೀರವಿದ್ದ ಸ್ಥಳದಲ್ಲಿ 1020ರಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳ ಮಠವನ್ನು ನೆಲೆಗೊಳಿಸಿದ ಕನೂಟನೂ ಡೇನ್ ವಂಶದ ಅರಸನೇ.

ಆ ಮಠ ಇಂಗ್ಲೆಂಡಿನ ಅತಿ ಶ್ರೀಮಂತ ಮಠಗಳಲ್ಲೊಂದಾಯಿತು. ಸಿರಿಯೊಡನೆ ಕಲಹವೂ ಬಂದಿತು. 1327ರಲ್ಲಿ ಪಟ್ಟಣಿಗರೇ ದಂಗೆಯೆದ್ದು ಮಠದ ಮಹಾದ್ವಾರವನ್ನು ಕೆಡವಿದರು. ಅನಂತರ ಕಟ್ಟಿದ ದ್ವಾರ ಈಗಲೂ ನಿಂತಿದೆ. ಹನ್ನೆರಡನೆಯ ಶತಮಾನದ ನಾರ್ಮನ್ ಗೋಪುರವೂ ಉಳಿದಿದೆ. ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, 1539ರಲ್ಲಿ, ಮಠ ಮುಚ್ಚಿತು. ಅದರ ಕಲ್ಲುಗಳು ಊರಿನ ಮನೆಗಳ ಗೋಡೆ ಸೇರಿದವು. ಹುಲ್ಲುಹಾಸಿನ ನಡುವೆ ನಿಂತಿರುವ ಮುರುಕು ಕಂಬಗಳನ್ನು ಪ್ರವಾಸಿಗರು ಇಂದು ಉದ್ಯಾನವನದಲ್ಲಿ ಕಾಣುತ್ತಾರೆ. ಸಂತರ ಸಮಾಧಿಯ ಗುರುತು ಮಾತ್ರ ಅಲ್ಲಿಲ್ಲ.

ಸುಮಾರು ಮುನ್ನೂರು ವರ್ಷಗಳ ಬಳಿಕ, 1837ರಲ್ಲಿ, ಯೇಸುಸಭೆಯ ಗುರುಗಳ ಪ್ರಯತ್ನದಿಂದ ಅದೇ ಪಟ್ಟಣದಲ್ಲಿ ಸಂತ ಎಡ್ಮಂಡರ ಹೆಸರಿನ ಕಥೋಲಿಕ ದೇವಾಲಯ ಎದ್ದು ನಿಂತಿತು. ಅಲ್ಲಿ ಬಲಿಪೂಜೆ ನಡೆಯುತ್ತಿದೆ.